‘ನಾನು ಮಾಡಿದ್ದು’ ಇಂಗ್ಲಿಷ್‌ನಲ್ಲಿ: ಅಧೀನ ವಾಕ್ಯ ಕಟ್ಟುವ ಬಗೆ

‘ಮನೆಗೆ ಬಂದು, ಬಾಗಿಲು ತೆಗೆದು, ಲೈಟ್ ಹಾಕಿದಾಗ ಕಿಟಕಿ ತೆರೆದೇ ಇತ್ತು.’ ಈ ವಾಕ್ಯದಲ್ಲಿ ಬಂದವರು ಯಾರು? ನಾನೋ, ಅವಳೋ, ಅವರೋ? ‘ಬಂದು’, ‘ತೆಗೆದು’, ‘ಹಾಕಿದಾಗ’ ಯಾವುದರಲ್ಲೂ ಅದರ ಗುರುತಿಲ್ಲ. ಕನ್ನಡದಲ್ಲಿ ಯಾರು, ಯಾವಾಗ ಎಂಬ ಎರಡನ್ನೂ ಹೊರುವುದು ಕೊನೆಯ ಕ್ರಿಯಾಪದ. ಅದಕ್ಕೂ ಮೊದಲು ಬರುವವೆಲ್ಲ ಕೃದಂತಗಳು (ಯಾರು ಎಂದು ಹೇಳದೆ ಅರ್ಧಕ್ಕೇ ನಿಲ್ಲುವ ಕ್ರಿಯಾರೂಪಗಳು), ಅದನ್ನೇ ನೆಚ್ಚಿಕೊಂಡಿರುತ್ತವೆ. ಇಲ್ಲಿ ಕೊನೆಯ ‘ಇತ್ತು’ ಕೂಡ ಕಿಟಕಿಯದ್ದು, ಬಂದವರದ್ದಲ್ಲ. ಇಂಗ್ಲಿಷ್‌ನಲ್ಲಿ ಈ ಸೌಲಭ್ಯ ಕಡಿಮೆ. ಅಲ್ಲಿ ‘ವೆನ್’, ‘ಆಫ್ಟರ್’, ‘ಬಿಫೋರ್’ ಹಾಕಿ ಅಧೀನ ವಾಕ್ಯ (ಒಂಟಿಯಾಗಿ ನಿಲ್ಲದೆ ಪ್ರಧಾನ ವಾಕ್ಯಕ್ಕೆ ಅಂಟಿಕೊಂಡು ಬರುವ ಭಾಗ) ಶುರು ಮಾಡಿದರೆ ಅದಕ್ಕೆ ಸ್ವಂತ ಕರ್ತೃ ಬೇಕು, ಸ್ವಂತ ಕಾಲವೂ ಬೇಕು: ‘ವೆನ್ ಐ ಕೇಮ್ ಹೋಮ್, ಓಪನ್ಡ್ ದ ಡೋರ್ ಅಂಡ್ ಸ್ವಿಚ್ಡ್ ಆನ್ ದ ಲೈಟ್, ದ ವಿಂಡೋ ವಾಸ್ ಓಪನ್.’ ‘ಅಂಡ್’ನಿಂದ ಪೋಣಿಸಿದ ಕ್ರಿಯಾಪದಗಳಿಗೆ ಒಂದೇ ‘ಐ’ ಸಾಕು, ಆದರೆ ಮೂರೂ ಭೂತಕಾಲದಲ್ಲೇ ಇರಬೇಕು.

ಹಾಗಾಗಿ ಬರೆಯುವ ಮುನ್ನ ಕನ್ನಡ ವಾಕ್ಯವನ್ನು ಬಿಚ್ಚಿಕೊಳ್ಳಿ. ಪ್ರತಿ ಕೃದಂತದ ಕೆಳಗೆ ಗೆರೆ ಎಳೆದು ‘ಯಾರು?’ ಎಂದು ಕೇಳಿ, ಅದನ್ನು ಪೂರ್ಣ ವಾಕ್ಯ ಮಾಡಿ: ನಾನು ಬಂದೆ, ನಾನು ತೆಗೆದೆ. ಆಮೇಲೆ ಜೋಡಿಸುವ ಪದ ಆರಿಸಿ. ಕನ್ನಡದಲ್ಲಿ ಆ ಪದ ಕೊನೆಗೆ ಬರುತ್ತದೆ (ಬಂದ ಮೇಲೆ, ಬಂದ ತಕ್ಷಣ). ಇಂಗ್ಲಿಷ್‌ನಲ್ಲಿ ಅದು ಅಧೀನ ವಾಕ್ಯದ ತಲೆಯಲ್ಲಿ ಕೂರುತ್ತದೆ: ‘ಆಫ್ಟರ್ ಐ ಕೇಮ್’, ‘ಆ್ಯಸ್ ಸೂನ್ ಆ್ಯಸ್ ಐ ಕೇಮ್’. ಅಧೀನ ವಾಕ್ಯ ಮೊದಲು ಬಂದರೆ ಅದರ ಕೊನೆಗೊಂದು ಅಲ್ಪವಿರಾಮ, ಪ್ರಧಾನ ವಾಕ್ಯದ ನಂತರ ಬಂದರೆ ಸಾಮಾನ್ಯವಾಗಿ ಬೇಡ.

ಹೆಚ್ಚು ಜನ ಎಡವುವುದು ‘ಮುಂಚೆ’ಯಲ್ಲಿ. ‘ಮಲಗುವ ಮುಂಚೆ ಬಾಗಿಲು ಹಾಕಿದೆ’ ಎನ್ನುತ್ತೇವೆ. ಕೆಲಸ ಮುಗಿದು ಎಷ್ಟೋ ದಿನವಾಗಿದ್ದರೂ ‘ಮಲಗಿದ ಮುಂಚೆ’ ಎನ್ನುವುದಿಲ್ಲ. ಆ ‘ಮಲಗುವ’ ನೇರವಾಗಿ ‘ಬಿಫೋರ್ ಐ ಗೋ ಟು ಬೆಡ್, ಐ ಲಾಕ್ಡ್ ದ ಡೋರ್’ ಆಗಿಬಿಡುತ್ತದೆ. ಇದು ತಪ್ಪು. ಮಲಗಿದ್ದೂ ಕಳೆದ ಮಾತೇ, ಆದ್ದರಿಂದ ‘ಬಿಫೋರ್ ಐ ವೆಂಟ್ ಟು ಬೆಡ್’. ‘ತನಕ’ದ ಕಥೆಯೂ ಇದೇ: ‘ನಾನು ಬರುವ ತನಕ ಕಾದರು’ ಎಂಬುದು ‘ದೇ ವೆಯ್ಟೆಡ್ ಅಂಟಿಲ್ ಐ ಕೇಮ್’. ‘ಊಟ ಮಾಡುವಾಗ ಫೋನ್ ಬಂತು’ ಎಂಬಲ್ಲೂ ‘ಮಾಡುವ’ ಮೋಸ ಮಾಡುತ್ತದೆ. ಅಲ್ಲಿ ಬೇಕಿರುವುದು ‘ವೆನ್ ಐ ಈಟ್’ ಅಲ್ಲ, ‘ವೈಲ್ ಐ ವಾಸ್ ಈಟಿಂಗ್, ದ ಫೋನ್ ರ‍್ಯಾಂಗ್’. ನಡೆಯುತ್ತಿದ್ದ ಕೆಲಸಕ್ಕೆ ‘ವಾಸ್’ ಮತ್ತು ‘ಇಂಗ್’, ನಡುವೆ ನುಗ್ಗಿದ್ದಕ್ಕೆ ಸಾದಾ ಭೂತಕಾಲ.

‘ಐ’ ಬಿಟ್ಟು ‘ಬಿಫೋರ್ ಗೋಯಿಂಗ್ ಟು ಬೆಡ್, ಐ ಲಾಕ್ಡ್ ದ ಡೋರ್’ ಎಂದರೂ ಸರಿ. ಷರತ್ತು ಒಂದೇ: ಎರಡೂ ಕೆಲಸ ಒಬ್ಬರದ್ದೇ ಆಗಿರಬೇಕು. ‘ವಾಕಿಂಗ್ ಹೋಮ್, ದ ರೇನ್ ಸ್ಟಾರ್ಟೆಡ್’ ಎಂದರೆ ಮಳೆಯೇ ಮನೆಗೆ ನಡೆದುಕೊಂಡು ಹೊರಟಂತೆ. ಕನ್ನಡದಲ್ಲೂ ‘ನಡೆಯುತ್ತಾ ಮಳೆ ಬಂತು’ ಎನ್ನುವುದಿಲ್ಲ, ‘ನಡೆಯುತ್ತಿದ್ದಾಗ’ ಎನ್ನುತ್ತೇವೆ. ಕಿವಿಯ ಆ ಎಚ್ಚರವನ್ನೇ ಇಂಗ್ಲಿಷ್‌ಗೂ ಒಯ್ಯಿರಿ: ‘ವೈಲ್ ಐ ವಾಸ್ ವಾಕಿಂಗ್ ಹೋಮ್, ದ ರೇನ್ ಸ್ಟಾರ್ಟೆಡ್.’

‘ಹ್ಯಾಡ್’ ಎಲ್ಲಿ, ಎಲ್ಲಿ ಬೇಡ

‘ನಿನ್ನೆ ಬ್ಯಾಂಕಿಗೆ ಹೋಗಿದ್ದೆ’ ಎಂದರೆ ನಮಗೆ ಹೋಗಿ ಬಂದಾಯಿತು ಎಂದಷ್ಟೇ ಅರ್ಥ. ಅದನ್ನೇ ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ದ ಬ್ಯಾಂಕ್’ ಎಂದು ಬರೆದು ನಿಲ್ಲಿಸಿದರೆ ಇಂಗ್ಲಿಷ್ ಓದುಗ ಮುಂದಿನ ಮಾತಿಗೆ ಕಾಯುತ್ತಾನೆ. ಹೋಗಿದ್ದೆ, ಸರಿ, ಯಾವುದಕ್ಕೆ ಮುಂಚೆ? ‘ಹ್ಯಾಡ್’ ಎಂಬುದು ಕಳೆದ ಕಾಲದ ಇನ್ನೊಂದು ಘಟನೆಗೆ ಹಿಂದಿನದ್ದನ್ನು ತೋರಿಸುವ ಬೆರಳು. ತೋರಿಸಲು ಆ ಇನ್ನೊಂದು ಘಟನೆ ಇಲ್ಲದಿದ್ದರೆ ‘ಐ ವೆಂಟ್’ ಸಾಕು.

ಆದರೆ ಬೇಕಾದ ಕಡೆ ಅದನ್ನು ಬಿಟ್ಟರೆ ಅರ್ಥವೇ ಬದಲಾಗುತ್ತದೆ. ‘ವೆನ್ ಐ ರೀಚ್ಡ್ ದ ಸ್ಟೇಶನ್, ದ ಟ್ರೇನ್ ಲೆಫ್ಟ್’ ಎಂದರೆ ನಾನು ತಲುಪಿದೆ, ರೈಲು ಆಗ ಹೊರಟಿತು. ‘ದ ಟ್ರೇನ್ ಹ್ಯಾಡ್ ಲೆಫ್ಟ್’ ಎಂದರೆ ನಾನು ತಲುಪುವಷ್ಟರಲ್ಲಿ ಹೋಗಿಯಾಗಿತ್ತು. ‘ವೆನ್’ ಎಂಬ ಪದ ಯಾವುದು ಮೊದಲು ಎಂದು ಹೇಳುವುದಿಲ್ಲ, ಆ ಹೊಣೆ ‘ಹ್ಯಾಡ್’ ಮೇಲೆ ಬೀಳುತ್ತದೆ. ‘ಆಫ್ಟರ್’, ‘ಬಿಫೋರ್’ ತಾವೇ ಅನುಕ್ರಮ ಹೇಳುವುದರಿಂದ ಅಲ್ಲಿ ‘ಹ್ಯಾಡ್’ ಐಚ್ಛಿಕ: ‘ಆಫ್ಟರ್ ಐ ಫಿನಿಶ್ಡ್’, ‘ಆಫ್ಟರ್ ಐ ಹ್ಯಾಡ್ ಫಿನಿಶ್ಡ್’ ಎರಡೂ ನಡೆಯುತ್ತವೆ. ಮೊದಲನೆಯದೇ ಹಗುರ.

‘ಅಂತ’ ಬಂದಾಗ

‘ಬರುತ್ತೇನೆ ಅಂತ ಹೇಳಿದೆ.’ ಕನ್ನಡದ ‘ಅಂತ’ ಆಡಿದ ಮಾತನ್ನು ಆಡಿದಂತೆಯೇ ಇಡುತ್ತದೆ. ಇಂಗ್ಲಿಷ್‌ನಲ್ಲಿ ‘ದಟ್’ನ ಮುಂಚೆ ‘ಸೆಡ್’ನಂಥ ಭೂತಕಾಲದ ಕ್ರಿಯಾಪದ ಇದ್ದರೆ ಅದು ಆ ಮಾತಿನ ಕಾಲವನ್ನು ಒಂದು ಮೆಟ್ಟಿಲು ಹಿಂದಕ್ಕೆ ತಳ್ಳುತ್ತದೆ: ‘ಐ ಸೆಡ್ ದಟ್ ಐ ವುಡ್ ಕಮ್.’ ‘ವಿಲ್’ ಹೋಗಿ ‘ವುಡ್’, ‘ಕ್ಯಾನ್’ ಹೋಗಿ ‘ಕುಡ್’, ‘ಆ್ಯಮ್’ ಹೋಗಿ ‘ವಾಸ್’. ಎಂದಿಗೂ ನಿಜವಾದ ಸಂಗತಿಯನ್ನು ವರ್ತಮಾನದಲ್ಲೇ ಬಿಡಬಹುದು: ‘ಐ ಲರ್ನ್ಟ್ ದಟ್ ಐಸ್ ಫ್ಲೋಟ್ಸ್ ಆನ್ ವಾಟರ್.’

ಕಾಲಕ್ಕಿಂತ ಅಪಾಯ ಸರ್ವನಾಮದಲ್ಲಿದೆ. ‘ಅವನು ನಾನು ಬರುತ್ತೇನೆ ಅಂತ ಹೇಳಿದ’ ಎಂದರೆ ಬರುವವನು ಅವನೇ ಎಂದು ನಮಗೆ ಗೊತ್ತು. ‘ಹೀ ಸೆಡ್ ದಟ್ ಐ ವುಡ್ ಕಮ್’ ಎಂದು ಬರೆದಿರೋ, ಬರುವವರು ನೀವೇ ಆಗುತ್ತೀರಿ. ಅವನು ಬರುವುದಾದರೆ ‘ಹೀ ಸೆಡ್ ದಟ್ ಹೀ ವುಡ್ ಕಮ್’.

ಪ್ರಶ್ನೆ ಒಳಗೆ ಸೇರಿದಾಗ ಪದಗಳ ಸಾಲು ಪ್ರಶ್ನೆಯದ್ದಾಗಿ ಉಳಿಯುವುದಿಲ್ಲ. ‘ಕೀ ಎಲ್ಲಿಟ್ಟೆ ಅಂತ ನೆನಪಾಗಲಿಲ್ಲ’ ಎಂಬುದು ‘ಐ ಕುಡ್ ನಾಟ್ ರಿಮೆಂಬರ್ ವೇರ್ ಐ ಹ್ಯಾಡ್ ಕೆಪ್ಟ್ ದ ಕೀ’. ‘ವೇರ್ ಹ್ಯಾಡ್ ಐ ಕೆಪ್ಟ್’ ಅಲ್ಲ.

ನಾಮಪದವನ್ನು ವಿವರಿಸುವಾಗ ದಿಕ್ಕೇ ತಿರುಗುತ್ತದೆ. ‘ನಾನು ಕೊಂಡ ಛತ್ರಿ’ಯಲ್ಲಿ ವಿವರಣೆ ಛತ್ರಿಗಿಂತ ಮೊದಲು, ‘ದಿ ಅಂಬ್ರೆಲಾ ದಟ್ ಐ ಬಾಟ್’ನಲ್ಲಿ ಆಮೇಲೆ. ‘ದಟ್ ಐ ಬಾಟ್ ಇಟ್’ ಎಂದು ಬಾಲಕ್ಕೆ ‘ಇಟ್’ ಅಂಟಿಸಬೇಡಿ. ಛತ್ರಿಯ ಜಾಗವನ್ನು ‘ದಟ್’ ಆಗಲೇ ಹಿಡಿದಿದೆ. ಇನ್ನು ‘ಆಲ್ದೋ’ ಹಾಕಿದ ಮೇಲೆ ‘ಬಟ್’ ಬೇಡ, ‘ಬಿಕಾಸ್’ ಹಾಕಿದ ಮೇಲೆ ‘ಸೋ’ ಬೇಡ. ಒಂದು ಕೊಂಡಿಗೆ ಒಂದೇ ಗಂಟು.

ಈಗ ಒಂದು ಗೋಜಲು ವಾಕ್ಯ ಬಿಡಿಸೋಣ: ‘ಹಿಂದಿನ ದಿನ ಕೊಂಡಿದ್ದ ಪುಸ್ತಕ ಓದುತ್ತಿದ್ದಾಗ ಹಾಲು ಉಕ್ಕಿದ್ದು ಗೊತ್ತಾಗಲಿಲ್ಲ.’ ಇಲ್ಲಿ ‘ನಾನು’ ಎಲ್ಲೂ ಕಾಣುವುದಿಲ್ಲ. ‘ಗೊತ್ತಾಗಲಿಲ್ಲ’ದ ಹಿಂದೆ ಅಡಗಿರುವುದೂ ‘ನನಗೆ’. ಇಂಗ್ಲಿಷ್‌ನಲ್ಲಿ ಅದೂ ‘ಐ’ ಆಗಬೇಕು. ಓದುತ್ತಿದ್ದೆ: ‘ವೈಲ್ ಐ ವಾಸ್ ರೀಡಿಂಗ್’. ಕೊಂಡದ್ದು ಓದುವುದಕ್ಕೂ ಮೊದಲು, ಹಾಗಾಗಿ ‘ಹ್ಯಾಡ್ ಬಾಟ್’. ಗೊತ್ತಾಗಲಿಲ್ಲ: ‘ಡಿಡ್ ನಾಟ್ ನೋಟಿಸ್’. ‘ಡಿಡ್’ ಭೂತಕಾಲವನ್ನು ಹೊತ್ತಿರುವುದರಿಂದ ‘ನೋಟಿಸ್’ಗೆ ಬಾಲವಿಲ್ಲ. ಹಾಲು ಆಗಲೇ ಉಕ್ಕಿಯಾಗಿತ್ತು: ‘ಹ್ಯಾಡ್ ಬಾಯ್ಲ್ಡ್ ಓವರ್’. ಜೋಡಿಸಿದರೆ: ‘ವೈಲ್ ಐ ವಾಸ್ ರೀಡಿಂಗ್ ದ ಬುಕ್ ದಟ್ ಐ ಹ್ಯಾಡ್ ಬಾಟ್ ದ ಡೇ ಬಿಫೋರ್, ಐ ಡಿಡ್ ನಾಟ್ ನೋಟಿಸ್ ದಟ್ ದ ಮಿಲ್ಕ್ ಹ್ಯಾಡ್ ಬಾಯ್ಲ್ಡ್ ಓವರ್.’ ಕನ್ನಡದಲ್ಲಿ ಒಂದೂ ‘ನಾನು’ ಇಲ್ಲ, ಇಂಗ್ಲಿಷ್‌ನಲ್ಲಿ ಮೂರು ‘ಐ’.