ಪೆನ್ ಡ್ರೈವ್ ಇಲ್ಲದ ಸಿಎನ್‌ಸಿ ಶಾಪ್: ಹಳೆಯ ಸೀರಿಯಲ್ ಕೇಬಲ್ ಹೇಗೆ ಕೈ ಹಿಡಿಯಿತು

ರಕ್ಷಣಾ ಕೆಲಸ ಮಾಡುವ ಸಿಎನ್‌ಸಿ (ಪ್ರೋಗ್ರಾಂ ಪ್ರಕಾರ ತಾನೇ ಲೋಹ ಕಡಿಯುವ ಮಷೀನುಗಳ) ಶಾಪ್‌ಗೆ ಪೆನ್ ಡ್ರೈವ್, ಮೆಮೊರಿ ಕಾರ್ಡ್, ಮೊಬೈಲ್ ಯಾವುದೂ ಬರಕೂಡದು ಅಂತ ಆದೇಶವಾದಾಗ ಬೆಂಗಳೂರಿನ ಪೀಣ್ಯದಲ್ಲಿ ನನಗೆ ಗೊತ್ತಿರುವ ಮುಕ್ಕಾಲು ಜನ ಹೇಳಿದ್ದು ಒಂದೇ ಮಾತು: "ಹಂಗಾದ್ರೆ ಪ್ರೊಡಕ್ಷನ್ ನಿಂತಂಗೇ." ನಿಂತಿಲ್ಲ. ಫ್ಯಾನಕ್ ಕಂಪನಿಯ ಕಂಟ್ರೋಲ್ (ಮಷೀನನ್ನು ನಡೆಸುವ ಕಂಪ್ಯೂಟರ್) ಇರುವ ಮಷೀನುಗಳೆಲ್ಲ ಒಂದು ಯುಎಸ್‌ಬಿ ಪೋರ್ಟನ್ನೂ ತೆರೆಯದೆ ಓಡುತ್ತಿವೆ. ಪ್ರೋಗ್ರಾಂ ತಪ್ಪಾಗಿ ಲೋಡ್ ಆಗಿ ಜಾಬ್ (ಕಡಿಯುತ್ತಿರುವ ಬಿಡಿಭಾಗ) ಹಾಳಾಗುವುದು ಮೊದಲಿಗಿಂತ ಕಡಿಮೆಯೇ ಆಗಿದೆ.

"ನಮ್ಮ ಮಷೀನು ಇಂಟರ್‌ನೆಟ್‌ಗೇ ಸೇರಿಲ್ಲ, ನಮಗ್ಯಾಕೆ ನಿಷೇಧ" ಎನ್ನುವವರಿಗೆ ಎರಡೇ ಮಾತು. 2008ರ ನವೆಂಬರ್‌ನಲ್ಲಿ ಅಮೆರಿಕದ ಸೇನೆ ಪೆನ್ ಡ್ರೈವ್ ನಿಲ್ಲಿಸಿದ್ದು ಅದರಿಂದಲೇ ಹರಡುವ ಹುಳ (ವೈರಸ್‌ನಂಥ ಕೆಟ್ಟ ಪ್ರೋಗ್ರಾಂ) ಒಳಗಿನ ಜಾಲಕ್ಕೆ ಹೊಕ್ಕಿದ್ದಕ್ಕೆ. 2010ರಲ್ಲಿ ಬಯಲಾದ ಇನ್ನೊಂದು ಹುಳ ಸ್ಟಕ್ಸ್‌ನೆಟ್‌ ಪೆನ್ ಡ್ರೈವ್‌ನಿಂದ ಹರಡಿ ಕಾರ್ಖಾನೆಯ ಕಂಟ್ರೋಲರ್‌ಗಳನ್ನೇ ಹಿಡಿಯಲು ಕಟ್ಟಿದ್ದು. ಆದ್ದರಿಂದ ಪರದೆ ಪಕ್ಕದ ಸಿಎಫ್ (ಕಾಂಪ್ಯಾಕ್ಟ್ ಫ್ಲಾಶ್) ಮೆಮೊರಿ ಕಾರ್ಡಿನ ಸ್ಲಾಟನ್ನೂ ಸೀಲ್ ಮಾಡಬೇಕು. ಅದೂ ಪೋರ್ಟಬಲ್ ಸ್ಟೋರೇಜೇ, ಹಲವರು ಮರೆಯುವುದು ಅದನ್ನೇ.

ಉಳಿಯುವುದು ಆರ್‌ಎಸ್-232, ಅಂದರೆ ಹಳೆಯ ಸೀರಿಯಲ್ ಪೋರ್ಟ್. ಕೇಬಲ್ಲನ್ನು ರೆಡಿಮೇಡ್ ತರಬೇಡಿ, ಕೂತು ಬೆಸುಗೆ ಹಾಕಿ. ಮಷೀನಿನ 25 ಪಿನ್ ಕಡೆಯ 2, ಕಂಪ್ಯೂಟರಿನ 9 ಪಿನ್ ಕಡೆಯ 2ಕ್ಕೆ, 3 ಮೂರಕ್ಕೆ, ಮಷೀನಿನ 7 ಕಂಪ್ಯೂಟರಿನ 5ಕ್ಕೆ. ಮಷೀನ್ ಕಡೆ 4-5 ಒಟ್ಟಿಗೆ, 6-8-20 ಒಟ್ಟಿಗೆ ಜಂಪರ್ (ಒಂದೇ ತುದಿಯ ಪಿನ್‌ಗಳನ್ನು ಸೇರಿಸುವ ತುಂಡು ತಂತಿ). ಕಂಪ್ಯೂಟರ್ ಕಡೆ 7-8, ಮತ್ತು 1-4-6. ಇಷ್ಟೇ. ಇಪ್ಪತ್ತೈದೂ ತಂತಿ ನೇರ ಹೋಗುವ ಅಂಗಡಿ ಕೇಬಲ್ ಯಾಕೆ ಬೇಡ ಅಂದರೆ, ಫ್ಯಾನಕ್‌ನ 25ನೇ ಪಿನ್‌ನಲ್ಲಿ 24 ವೋಲ್ಟ್ ಇರುತ್ತದೆ. ಅದು ಕಂಪ್ಯೂಟರಿನ ಪೋರ್ಟಿಗೆ ತಗುಲಿದರೆ ಪೋರ್ಟ್ ಹೋಯಿತು ಅಂತಲೇ ಲೆಕ್ಕ.

ಪ್ಯಾರಾಮೀಟರ್ (ಕಂಟ್ರೋಲಿನೊಳಗಿನ ನಂಬರ್ ಹಾಕಿದ ಸೆಟ್ಟಿಂಗ್) ಈ ಕೆಲಸದವರಿಗೆ ಗೊತ್ತಿರುವಂಥದ್ದೇ, ಫ್ಯಾನಕ್‌ನ 0ಐ ಸರಣಿಗೆ ಹೇಳುತ್ತೇನೆ: 20ರಲ್ಲಿ 0 (ಕಾರ್ಡ್ ಬಳಸುತ್ತಿದ್ದವರ ಮಷೀನಿನಲ್ಲಿ ಅದು 4 ಆಗಿಯೇ ಕೂತಿರುತ್ತದೆ), 101ರ ಸೊನ್ನೆಯ ಬಿಟ್ 1, 102ರಲ್ಲಿ 0, 103ರಲ್ಲಿ 11, ಅಂದರೆ ಬಾಡ್ ರೇಟ್ (ಸೆಕೆಂಡಿಗೆ ಹೋಗುವ ಬಿಟ್) 9600. ಕಂಪ್ಯೂಟರ್ ಕಡೆ ಏಳು ಬಿಟ್, ಈವನ್ ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್), ಎರಡು ಸ್ಟಾಪ್ ಬಿಟ್, ಎಕ್ಸ್‌ಆನ್-ಎಕ್ಸ್‌ಆಫ್ ("ಕಳಿಸು", "ನಿಲ್ಲಿಸು" ಎನ್ನುವ ಸಂಕೇತ).

ಜೀವ ತಿಂದದ್ದು 87ನೇ ಅಲಾರಂ, ಬಫರ್ ಓವರ್‌ಫ್ಲೋ, ಅಂದರೆ ಬಂದ ಅಕ್ಷರ ತುಂಬಿಕೊಳ್ಳುವ ಜಾಗ ಉಕ್ಕುವುದು. 85 ಬಂದರೆ ಬಾಡ್ ರೇಟ್ ಅಥವಾ ಪ್ಯಾರಿಟಿ ತಪ್ಪು, 86 ಬಂದರೆ ಜಂಪರ್ ಬಿಟ್ಟಿದೆ, ಇವೆರಡೂ ಬೇಗ ಸಿಗುತ್ತವೆ. 87 ಹಾಗಲ್ಲ. ಚಿಕ್ಕ ಪ್ರೋಗ್ರಾಂ ಸಲೀಸಾಗಿ ಹೋಗುತ್ತದೆ, ದೊಡ್ಡದು ನಡುವೆ ಎಲ್ಲೋ ನಿಲ್ಲುತ್ತದೆ. ಮಷೀನು "ಸಾಕು ನಿಲ್ಲಿಸು" ಅಂತ ಎಕ್ಸ್‌ಆಫ್ ಕಳಿಸಿದ ಮೇಲೆ ಹತ್ತು ಅಕ್ಷರದಷ್ಟು ಮಾತ್ರ ತಡೆದುಕೊಳ್ಳುತ್ತದೆ. ಕಂಪ್ಯೂಟರಿನ ಯುಎಸ್‌ಬಿಯನ್ನು ಸೀರಿಯಲ್‌ಗೆ ಬದಲಿಸುವ ಮುನ್ನೂರು-ನಾನೂರು ರೂಪಾಯಿಯ ಕನ್ವರ್ಟರ್ ತನ್ನ ಹೊಟ್ಟೆಯಲ್ಲಿ ತುಂಬಿಕೊಂಡಿದ್ದನ್ನೆಲ್ಲ ಸುರಿದೇ ನಿಲ್ಲುತ್ತದೆ. ಬೇರೆ ಬೇರೆ ಕಂಪನಿಯ ಕನ್ವರ್ಟರ್ ತಂದು ಸುಮಾರು ದುಡ್ಡು ಹೋಯಿತು. ಕೊನೆಗೆ ಹೊಂದಿದ್ದು ಎಸ್.ಪಿ. ರೋಡ್‌ನಿಂದ ತಂದ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್, ಏಳೆಂಟು ಸಾವಿರದ್ದು, ಅದಕ್ಕೊಂದು ಎರಡು ಸಾವಿರದೊಳಗಿನ ಸೀರಿಯಲ್ ಕಾರ್ಡ್. ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟಿನ ಅಡ್ವಾನ್ಸ್ಡ್ ಸೆಟ್ಟಿಂಗ್ ತೆಗೆದು ಟ್ರಾನ್ಸ್‌ಮಿಟ್ ಬಫರನ್ನು 1ಕ್ಕೆ ಇಳಿಸಿದ ಮೇಲೆ 87 ತಲೆ ಎತ್ತಲಿಲ್ಲ.

ದೂರದ ಮಷೀನಿಗೆ ಸೀರಿಯಲ್ ಕೇಬಲ್ ಎಳೆಯಬೇಡಿ. ಹದಿನೈದು ಮೀಟರ್ ದಾಟಿದರೆ ಸ್ಪಿಂಡಲ್ ಡ್ರೈವ್ ಆನ್ ಆದಾಗ ಅಕ್ಷರ ಕೆಡುತ್ತದೆ. ಷೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿದರೂ ಪೂರ್ತಿ ವಾಸಿಯಾಗಲಿಲ್ಲ. ದೂರದ ಮಷೀನುಗಳಿಗೆ ನೆಟ್‌ವರ್ಕ್ ಕೇಬಲ್ ಎಳೆದು, ಮಷೀನಿನ ಪಕ್ಕ ಸೀರಿಯಲ್ ಡಿವೈಸ್ ಸರ್ವರ್ (ನೆಟ್‌ವರ್ಕನ್ನು ಸೀರಿಯಲ್‌ಗೆ ಬದಲಿಸುವ ಪೆಟ್ಟಿಗೆ) ಇಟ್ಟು, ಅಲ್ಲಿಂದ ಎರಡು ಮೀಟರ್ ಕೇಬಲ್. ಒಂದೊಂದಕ್ಕೆ ಹತ್ತು-ಹನ್ನೆರಡು ಸಾವಿರ. ವೈಫೈ ಮಾತೇ ಇಲ್ಲ, ಅದಕ್ಕೂ ನಿಷೇಧ. ಎಲ್ಲ ಸೇರಿ ಲಕ್ಷ ಮುಟ್ಟಲಿಲ್ಲ. ತಯಾರಿದ್ದ ಡಿಎನ್‌ಸಿ (ಕಂಪ್ಯೂಟರಿನಿಂದ ಮಷೀನುಗಳಿಗೆ ಪ್ರೋಗ್ರಾಂ ಕಳಿಸುವ) ವ್ಯವಸ್ಥೆಗೆ ಬಂದ ಕೊಟೇಶನ್ ಎರಡು ಲಕ್ಷದ ಮೇಲಿತ್ತು.

ಇನ್ನು ವೇಗ. ದೊಡ್ಡ ಪ್ರೋಗ್ರಾಮನ್ನು ಕೇಬಲ್ಲಿನಲ್ಲಿ ಕಳಿಸುತ್ತಲೇ ಕಡಿಯುವುದಕ್ಕೆ ಡ್ರಿಪ್ ಫೀಡ್ ಅನ್ನುತ್ತಾರೆ, ಅದರ ಲೆಕ್ಕ ಹೀಗೆ. ಏಳು ಬಿಟ್, ಪ್ಯಾರಿಟಿ, ಸ್ಟಾರ್ಟ್, ಎರಡು ಸ್ಟಾಪ್ ಸೇರಿ ಅಕ್ಷರಕ್ಕೆ ಹನ್ನೊಂದು ಬಿಟ್. 9600ಕ್ಕೆ ಸೆಕೆಂಡಿಗೆ ಸುಮಾರು 870 ಅಕ್ಷರ, ಮೂರು ಅಕ್ಷದ ಬ್ಲಾಕ್ (ಪ್ರೋಗ್ರಾಮಿನ ಒಂದು ಸಾಲು) ಆದರೆ ಸೆಕೆಂಡಿಗೆ ನಲವತ್ತರ ಆಸುಪಾಸು. ಬ್ಲಾಕಿಗೆ 0.2 ಮಿ.ಮೀ. ಚಲನೆ ಅಂದರೆ ನಿಮಿಷಕ್ಕೆ 480 ಮಿ.ಮೀ. ಅಲ್ಯೂಮಿನಿಯಂ ಫಿನಿಶಿಂಗ್‌ಗೆ ಎರಡು ಸಾವಿರ ಫೀಡ್ (ಟೂಲ್ ನಿಮಿಷಕ್ಕೆ ಸಾಗುವ ಮಿ.ಮೀ.) ಹಾಕಿದರೆ ಟೂಲ್ ತಡವರಿಸುತ್ತದೆ, ಮೇಲ್ಮೈಯಲ್ಲಿ ಗುರುತು ಬೀಳುತ್ತದೆ. "ಸೀರಿಯಲ್ ಆಗಲ್ಲ" ಎನ್ನುವವರು ಇಲ್ಲೇ ಕೈಬಿಡುವುದು. 19200ಕ್ಕೆ ಏರಿಸಿದರೂ ಅರ್ಧ ದಾರಿ ಮಾತ್ರ. ಆದ್ದರಿಂದ ಡ್ರಿಪ್ ಫೀಡ್ ಬಿಟ್ಟೇಬಿಡಿ. ಪೋಸ್ಟ್ ಪ್ರೊಸೆಸರ್‌ನಲ್ಲಿ (ಡಿಸೈನನ್ನು ಮಷೀನಿನ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್) ಬ್ಲಾಕ್ ನಂಬರ್, ಸ್ಪೇಸ್ ತೆಗೆಯಿರಿ, ಆರ್ಕ್ ಫಿಟ್ಟಿಂಗ್ (ಹಲವು ಚಿಕ್ಕ ಗೆರೆಗಳ ಬದಲು ಒಂದು ಕಂಸ) ಹಾಕಿ, ಡ್ರಾಯಿಂಗ್ ಒಪ್ಪಿದರೆ ಟಾಲರೆನ್ಸ್ 0.005 ಬದಲು 0.01 ಕೊಡಿ. ಕಡತ ಅರ್ಧಕ್ಕಿಂತ ಕೆಳಗಿಳಿಯುವುದು ಸಾಮಾನ್ಯ. ಉಳಿದದ್ದನ್ನು 200 ಕೆಬಿ ತುಂಡುಗಳಾಗಿ ಕತ್ತರಿಸಿ. ಕಂಟ್ರೋಲಿನ 256 ಕೆಬಿ ಮೆಮೊರಿಗೆ ಅದು ಸರಿಹೊಂದುತ್ತದೆ, ಲೋಡ್ ಆಗಲು ನಾಲ್ಕು ನಿಮಿಷ ಸಾಕು. ಪ್ರತಿ ತುಂಡೂ ಮೇಲೆ ಎತ್ತಿದ ಸುರಕ್ಷಿತ ಜೆಡ್‌ನಲ್ಲಿ (ಎತ್ತರದಲ್ಲಿ) ಮುಗಿಯಬೇಕು. ಮುಂದಿನ ತುಂಡಿನ ತಲೆಯಲ್ಲಿ ಆಫ್‌ಸೆಟ್ (ಅಳತೆ ಶುರುವಾಗುವ ಬಿಂದು), ಸ್ಪಿಂಡಲ್, ಜಿ43 (ಟೂಲ್ ಉದ್ದದ ಹೊಂದಾಣಿಕೆ) ಮತ್ತೆ ಬರಬೇಕು. ತುಂಡು ಎಲ್ಲಿ ಕತ್ತರಿಸಿದರೆ ಜೋಡಣೆಯ ಗೆರೆ ಕಾಣುವುದಿಲ್ಲ ಎನ್ನುವುದಕ್ಕೆ ನನ್ನದೇ ಒಂದು ಲೆಕ್ಕವಿದೆ, ಅದನ್ನು ಇಲ್ಲಿ ಬಿಡಿಸುವುದಿಲ್ಲ.

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಜೀವ ಇರುವುದು ವಾಪಸ್ ಓದುವುದರಲ್ಲಿ. ಪ್ರೋಗ್ರಾಮಿನಲ್ಲಿ ಕೊನೆಗೆ ಬಿಂದು ಇಟ್ಟು "ಎಕ್ಸ್50." ಎಂದಿದ್ದದ್ದು ಬಿಂದು ಕಳೆದುಕೊಂಡು ಎಕ್ಸ್50 ಆದರೆ ಐವತ್ತು ಮಿಲಿಮೀಟರ್ ಹೋಗಿ ಐವತ್ತು ಮೈಕ್ರಾನ್ ಆಗುತ್ತದೆ, ಅಲಾರಂ ಬರುವುದಿಲ್ಲ. ಪ್ಯಾರಿಟಿ ಒಂದು ಬಿಟ್ ಕೆಟ್ಟರೆ ಹಿಡಿಯುತ್ತದೆ, ಎರಡು ಕೆಟ್ಟರೆ ಹಿಡಿಯದು. ಹಾಗಾಗಿ ಲೋಡ್ ಆದ ತಕ್ಷಣ ಮಷೀನಿನಿಂದ ಪಂಚ್ ಮಾಡಿ (ಪ್ರೋಗ್ರಾಮನ್ನು ಹೊರಗೆ ಕಳಿಸಿ) ಕಂಪ್ಯೂಟರಿಗೆ ವಾಪಸ್ ತರಿಸಿ, ಎರಡೂ ಕಡತದ ಸ್ಪೇಸ್ ತೆಗೆದು ಹೋಲಿಸಿ. ಒಂದು ಅಕ್ಷರ ಬೇರೆ ಬಂದರೂ ಸೈಕಲ್ ಸ್ಟಾರ್ಟ್ ಇಲ್ಲ. ಪೆನ್ ಡ್ರೈವ್ ಕಾಲದಲ್ಲಿ ಯಾರೂ ಇದನ್ನು ಮಾಡುತ್ತಿರಲಿಲ್ಲ.

ಡಿಸೈನ್ ಕೋಣೆಯ ಕಂಪ್ಯೂಟರಿಗೂ ಶಾಪಿನ ಕಂಪ್ಯೂಟರಿಗೂ ನಡುವೆ ತಂತಿ ಇಲ್ಲ, ಇರಲೂ ಕೂಡದು. ಭದ್ರತಾ ಅಧಿಕಾರಿಯ ಲಿಖಿತ ಅನುಮತಿ ಪಡೆದು, ಒಬ್ಬನೇ ಜವಾಬ್ದಾರನ ಕೈಯಲ್ಲಿ, ಪ್ರೋಗ್ರಾಂ ದಾಟಿಸಲು ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ ಬಳಸುತ್ತೇವೆ. ಬರ್ನ್ ಮಾಡುವಾಗ ವಿಂಡೋಸ್ "ಯುಎಸ್‌ಬಿ ಡ್ರೈವ್‌ನಂತೆ" ಅಥವಾ "ಸಿಡಿ ಪ್ಲೇಯರ್‌ನೊಂದಿಗೆ" ಎಂದು ಕೇಳುತ್ತದೆ. ಎರಡನೆಯದನ್ನೇ ಆರಿಸಿ. ಮೊದಲನೆಯದರಲ್ಲಿ ಡಿಸ್ಕ್ ಮತ್ತೆ ಬರೆಯಲು ತೆರೆದೇ ಇರುತ್ತದೆ, ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಅದೇ. ಬರ್ನ್ ಆದ ಮೇಲೆ ಡಿಸ್ಕ್ ಕ್ಲೋಸ್ ಮಾಡಿ, ಮೇಲೆ ಕ್ರಮಸಂಖ್ಯೆ, ರಿಜಿಸ್ಟರ್‌ನಲ್ಲಿ ಕಡತದ ಶಾ-256 (ಒಂದು ಅಕ್ಷರ ಬದಲಾದರೂ ಬೇರೆಯಾಗುವ ಗುರುತು ಸಂಖ್ಯೆ) ಬರೆದು ಈ ಕಡೆ ತಾಳೆ ನೋಡಿ. ಕೆಲಸ ಮುಗಿದ ಡಿಸ್ಕನ್ನು ಇಬ್ಬರ ಎದುರು ಕತ್ತರಿಸಿ, ಸಹಿ.

ನಡುವೆ ಇನ್ನೊಂದು ಪ್ರಯೋಗ. ಟರ್ನಿಂಗ್‌ನ (ಲೇತ್ ಕೆಲಸದ) ಚಿಕ್ಕ ಪ್ರೋಗ್ರಾಮಿಗೂ ಸಿಡಿ ಸುಡುವುದು ದಂಡ ಅನ್ನಿಸಿ, ಜಾಬ್ ಕಾರ್ಡಿನ ಮೇಲೆಯೇ ಕ್ಯೂಆರ್ ಕೋಡ್ ಆಗಿ ಅಚ್ಚು ಹಾಕಿ ನೋಡಿದೆ. ಕ್ಯೂಆರ್‌ನ ಅಕ್ಷರ-ಅಂಕಿ ಮೋಡ್‌ನಲ್ಲಿ ಗರಿಷ್ಠ 4,296 ಅಕ್ಷರ ಹಿಡಿಸುತ್ತದೆ. ಎಣ್ಣೆ ಕೈಯಲ್ಲಿ ಓಡಾಡುವ ಕಾಗದಕ್ಕೆ ಸಾವಿರ ದಾಟಿಸಬೇಡಿ, ಸ್ಕ್ಯಾನರ್ ಓದಲು ಒದ್ದಾಡುತ್ತದೆ. ಆ ಮೋಡ್‌ನಲ್ಲಿ % ಇದೆ, ಬಿಂದು ಇದೆ, ಮೈನಸ್ ಇದೆ. ಹೊಸ ಸಾಲು ಇಲ್ಲ, ಆವರಣ ಚಿಹ್ನೆ ಇಲ್ಲ. ಸಾಲಿನ ಬದಲು $ ಹಾಕಿ ಕಂಪ್ಯೂಟರಿನಲ್ಲಿ ಬಿಡಿಸಿಕೊಂಡೆ, ಕಾಮೆಂಟುಗಳನ್ನು ಬಿಟ್ಟೆ. ಚೆನ್ನಾಗಿ ನಡೆಯುತ್ತಿದೆ. ಸ್ಕ್ಯಾನರ್ ತಂತಿಯದ್ದೇ ಇರಲಿ, ಒಳಗೆ ಮೆಮೊರಿ ಇರುವ ಮಾದರಿ ತಂದರೆ ಅದೂ ಸ್ಟೋರೇಜ್ ಸಾಧನವೇ, ಗೇಟಿನಲ್ಲೇ ನಿಲ್ಲುತ್ತದೆ.

ಒಂದು ಕೆಲಸಕ್ಕೆ ಮಾತ್ರ ಸೀರಿಯಲ್ ಸಾಲದು. ಪ್ಯಾರಾಮೀಟರ್, ಆಫ್‌ಸೆಟ್, ಪಿಚ್ ಎರರ್ ಪಟ್ಟಿ (ಅಕ್ಷದ ಚಲನೆಯ ತಪ್ಪು ಸರಿಪಡಿಸುವ ಅಂಕಿಗಳು) ಕೇಬಲ್ಲಿನಲ್ಲೇ ಹೊರಗೆ ಬರುತ್ತವೆ. ಆದರೆ ಬೂಟ್ ಪರದೆಯಿಂದ ತೆಗೆಯುವ, ಬ್ಯಾಟರಿಯಿಂದ ಉಳಿಯುವ ಮೆಮೊರಿಯ ಪೂರ್ತಿ ಎಸ್‌ರ್ಯಾಮ್ ಬ್ಯಾಕಪ್ ಮೆಮೊರಿ ಕಾರ್ಡಿಗೇ ಹೋಗುತ್ತದೆ. ಅದಕ್ಕೆ ಒಂದೇ ಒಂದು ಕಾರ್ಡ್, ಭದ್ರತಾ ಕೋಣೆಯ ಲಾಕರ್‌ನಲ್ಲಿ, ಸಹಿ ಹಾಕಿ ತೆಗೆದು ಸಹಿ ಹಾಕಿ ಇಡುವ ಪದ್ಧತಿಗೆ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಬ್ಯಾಟರಿ ಅಲಾರಂ ಬಂದ ದಿನ ಅರ್ಜಿ ಕೊಟ್ಟರೆ ಅನುಮತಿ ಬರುವಷ್ಟರಲ್ಲಿ ಮೆಮೊರಿ ಖಾಲಿಯಾಗಿರುತ್ತದೆ. 3 ವೋಲ್ಟ್ ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ಕಂಟ್ರೋಲ್ ಆನ್ ಇರುವಾಗಲೇ ಬದಲಿಸಿ.