ನೋಡದೆಯೇ ಅಂಕ ಕೊಡುತ್ತಿದ್ದೆವು

ರೋಗಿ ಅಂಗಾತ ಮಲಗಿದ್ದರು, ತಲೆಯ ಕೆಳಗೆ ದಿಂಬೂ ಇರಲಿಲ್ಲ. ಪಕ್ಕದಲ್ಲಿ ನಿಂತ ವಿದ್ಯಾರ್ಥಿ ಕೇಸ್ ಶೀಟ್ ಓದುತ್ತಾ ಹೋದ. "ಜೆವಿಪಿ ನಾರ್ಮಲ್, ಮೇಡಂ."

ಜೆವಿಪಿ ಎಂದರೆ ಕುತ್ತಿಗೆಯ ಅಭಿಧಮನಿಯಲ್ಲಿ ಕಾಣುವ ಒತ್ತಡ. ಹೃದಯದ ಬಲಭಾಗ ಎಷ್ಟು ಭಾರ ಹೊತ್ತಿದೆ ಎಂಬುದನ್ನು ಸೂಜಿ ಚುಚ್ಚದೆ ಹೇಳುವ ಗುರುತು ಅದು. ನೋಡಬೇಕಾದರೆ ಹಾಸಿಗೆಯ ತಲೆಭಾಗವನ್ನು ಸುಮಾರು 45 ಡಿಗ್ರಿ ಎತ್ತಬೇಕು, ರೋಗಿಯ ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಬೇಕು, ಬಲಗಡೆ ಕುತ್ತಿಗೆಯ ಮೇಲೆ ಬೆಳಕು ಓರೆಯಾಗಿ ಬೀಳಬೇಕು. ಮಿಡಿತದ ತುದಿ ಎದೆಮೂಳೆಯ ಏಣಿನಿಂದ ಎಷ್ಟು ಸೆಂಟಿಮೀಟರ್ ಮೇಲಿದೆ ಎಂದು ಅಳೆಯಬೇಕು. ಪೂರ್ತಿ ಮಲಗಿದರೆ ಆರೋಗ್ಯವಂತರ ಕುತ್ತಿಗೆಯಲ್ಲೂ ಆ ನಾಳ ತುಂಬಿಕೊಳ್ಳುತ್ತದೆ. ಅಂದರೆ ಈ ಹುಡುಗ ನೋಡಿರಲಿಲ್ಲ, ಬರೆದಿದ್ದ.

ಗದರಿಸಲು ಹೊರಟವಳು ಸುಮ್ಮನಾದೆ. ಇವನು ಒಂದು ಸಲವಾದರೂ ಜೆವಿಪಿ ನೋಡುವುದನ್ನು ನಾವು ಯಾರಾದರೂ ನೋಡಿದ್ದೆವೇ? ಇಲ್ಲ. ಅವನು ಹೇಳಿದ್ದನ್ನು ಕೇಳಿದ್ದೆವು, ಬರೆದದ್ದನ್ನು ಓದಿದ್ದೆವು, ವೈವಾದಲ್ಲಿ ಪ್ರಶ್ನೆ ಹಾಕಿದ್ದೆವು, ಅಂಕವನ್ನೂ ಕೊಟ್ಟಿದ್ದೆವು. ವೈದ್ಯಕೀಯ ಶಿಕ್ಷಣತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯ ವಿದ್ಯಾರ್ಥಿಯ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲಿನ ಪಿರಮಿಡ್ಡಾಗಿ ಬಿಡಿಸಿದ್ದರು: ಗೊತ್ತಿರುವುದು, ಹೇಗೆಂದು ಗೊತ್ತಿರುವುದು, ಮಾಡಿ ತೋರಿಸುವುದು, ದಿನನಿತ್ಯ ನಿಜಕ್ಕೂ ಮಾಡುವುದು. ನಾವು ಕೆಳಗಿನ ಎರಡು ಮೆಟ್ಟಿಲಲ್ಲೇ ಅಳೆದು, ನಾಲ್ಕನೆಯದಕ್ಕೆ ಸರ್ಟಿಫಿಕೇಟ್ ಕೊಡುತ್ತಿದ್ದೆವು. ವೈದ್ಯಕೀಯ ಶಿಕ್ಷಣದ ಸಂಶೋಧನೆಗೆ ನಾನು ಇಳಿದದ್ದು ಆ ಹಾಸಿಗೆಯ ಪಕ್ಕದಿಂದ.

ಮೊದಲ ಪ್ರಯತ್ನ ಕೈಕೊಟ್ಟಿತು. ಒಂದು ಒಳ್ಳೆಯ ಪಾಠ ಮಾಡಿದೆ, ವಿಡಿಯೋ ತೋರಿಸಿದೆ, ಕೊನೆಗೆ ಅಭಿಪ್ರಾಯದ ಹಾಳೆ ಹಂಚಿದೆ. ಬಹುತೇಕ ಎಲ್ಲರೂ "ತುಂಬಾ ಉಪಯುಕ್ತ" ಎಂದು ಗುರುತು ಹಾಕಿದರು. ಅದನ್ನೇ ಲೇಖನ ಮಾಡಿ ಸಂಶೋಧನಾ ಪತ್ರಿಕೆಗೆ ಕಳಿಸಿದೆ, ವಾಪಸ್ ಬಂತು. ಪಾಠ ಹಿಡಿಸಿತು ಎನ್ನುವುದು ಸರಿ, ಕಲಿತರು ಎನ್ನುವುದಕ್ಕೆ ಪುರಾವೆ ಎಲ್ಲಿದೆ ಎಂಬುದು ವಿಮರ್ಶಕರ ತಕರಾರು. ಎರಡು ದಿನ ಬೇಜಾರಾಯಿತು. ಆದರೆ ಮಾತು ನ್ಯಾಯವಾಗಿತ್ತು. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯ ಫಲವನ್ನು ನಾಲ್ಕು ಹಂತವಾಗಿ ವಿಂಗಡಿಸಿದ್ದರು: ಕಲಿಯುವವರ ಪ್ರತಿಕ್ರಿಯೆ, ಕಲಿಕೆ, ನಡವಳಿಕೆಯಲ್ಲಿ ಬದಲಾವಣೆ, ಕೊನೆಗೆ ಸಿಗುವ ಪರಿಣಾಮ. ನಾನು ನಿಂತಿದ್ದು ಮೊದಲನೆಯದರಲ್ಲಿ.

ಎರಡನೆಯ ಸಲ ಅಧ್ಯಯನದ ಪ್ರಶ್ನೆ ರೂಪಿಸುವುದಕ್ಕೇ ತಿಂಗಳುಗಟ್ಟಲೆ ಹಿಡಿಯಿತು. ಕಲಿಸಿದ ಗುಂಪನ್ನು ಕಲಿಸದ ಗುಂಪಿನ ಜೊತೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಏನೂ ಕಲಿಸದಿರುವುದಕ್ಕಿಂತ ಏನಾದರೂ ಕಲಿಸಿದರೆ ಮೇಲು ಎಂದು ಯಾರಿಗೂ ಸಾಬೀತು ಮಾಡಬೇಕಿಲ್ಲ. ಹಾಗಾಗಿ ಎರಡು ಗುಂಪಿಗೂ ಸಮಾನ ಸಮಯ ಕೊಟ್ಟೆ. ಒಂದು ಗುಂಪು ಜೆವಿಪಿ ಹೇಗೆ ನೋಡಬೇಕೆಂಬ ವಿಡಿಯೋವನ್ನು ಮತ್ತೆ ಮತ್ತೆ ನೋಡಿತು. ಇನ್ನೊಂದು ಗುಂಪು ತಾನೇ ಮಾಡಿತು. ಪಕ್ಕದಲ್ಲಿ ನಿಂತವರು ನೋಡಿ, ತಪ್ಪನ್ನು ಅಲ್ಲೇ ಹೇಳಿದರು. ಈ ಹೋಲಿಕೆಯ ಹಿಂದೆ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಅವರ 2006ರ ಪ್ರಯೋಗ ಇತ್ತು. ಪಾಠವನ್ನು ಮರಳಿ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಓದಿದ್ದನ್ನು ನೆನಪಿಸಿಕೊಂಡು ಬರೆದವರು ವಾರದ ನಂತರ ಅವರನ್ನು ಹಿಂದೆ ಹಾಕಿದರು. ಆದ್ದರಿಂದ ನಾನೂ ಎರಡು ಸಲ ಪರೀಕ್ಷಿಸಬೇಕಿತ್ತು: ತಕ್ಷಣ ಒಮ್ಮೆ, ಆರು ವಾರ ಬಿಟ್ಟು ಇನ್ನೊಮ್ಮೆ.

ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿ ಕೇಳಿದ ಮೊದಲ ಪ್ರಶ್ನೆಯೇ ತಲೆ ತಗ್ಗಿಸುವಂತಿತ್ತು. ಅಂಕ ಕೊಡುವ ಮೇಡಂ ಬಂದು "ಭಾಗವಹಿಸುತ್ತೀರಾ" ಎಂದರೆ ಯಾವ ವಿದ್ಯಾರ್ಥಿ ಇಲ್ಲ ಅಂದಾನು? ಅವರ ಮೌಲ್ಯಮಾಪನಕ್ಕೆ ಸಂಬಂಧವೇ ಇಲ್ಲದ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಗೆ ಪಡೆಯುವ ಕೆಲಸ ಒಪ್ಪಿಸಿದೆ. ಯಾರು ಒಪ್ಪಿದರು, ಯಾರು ಬಿಟ್ಟರು ಎಂಬುದು ಅವರ ಅಂಕಗಳ ಫಲಿತಾಂಶ ಪ್ರಕಟವಾಗುವವರೆಗೂ ನನ್ನ ಕಣ್ಣಿಗೆ ಬೀಳಲಿಲ್ಲ. ವಿಡಿಯೋ ಗುಂಪಿಗೆ ಅನ್ಯಾಯವಾಗಬಾರದೆಂದು ಅಧ್ಯಯನ ಮುಗಿದ ಮೇಲೆ ಅವರಿಗೂ ಅದೇ ತರಬೇತಿ ಕೊಟ್ಟೆವು. ರೋಗಿಗಳ ಒಪ್ಪಿಗೆಯಂತೂ ಪ್ರತಿ ಸಲವೂ ಬೇಕೇ ಬೇಕು.

ನಿಜವಾಗಿ ಕಲಿತದ್ದು, ವಿದ್ಯಾರ್ಥಿ ಜೆವಿಪಿ ನೋಡುವುದಕ್ಕೆ ಅಂಕ ಹಾಕುವ ಚೆಕ್‌ಲಿಸ್ಟ್ ಮಾಡುವಾಗ. ಶುರುವಿನಲ್ಲಿ 24 ಅಂಶಗಳಿದ್ದವು. ಸಹೋದ್ಯೋಗಿಯೊಬ್ಬರೂ ನಾನೂ ಒಂದೇ ವಿಡಿಯೋ ಬೇರೆ ಬೇರೆ ಕೂತು ನೋಡಿ ಅಂಕ ಹಾಕಿದೆವು. ಒಮ್ಮತವನ್ನು ಬರೀ ಶೇಕಡಾವಾರು ಲೆಕ್ಕದಲ್ಲಿ ನೋಡಿದರೆ ಮೋಸ ಹೋಗುತ್ತೇವೆ, ಆಕಸ್ಮಿಕವಾಗಿ ಹೊಂದುವ ಉತ್ತರಗಳೂ ಅದರಲ್ಲಿ ಸೇರಿರುತ್ತವೆ. ಅದನ್ನು ಕಳೆದು ಹೇಳುವ ಅಳತೆ ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ. ನಮ್ಮ ಕಪ್ಪಾ ನೋಡಿ ಇಬ್ಬರಿಗೂ ಗಾಬರಿಯಾಯಿತು. "ರೋಗಿಯನ್ನು ಸರಿಯಾಗಿ ಮಲಗಿಸಿದ್ದಾರೆ" ಎಂಬ ಒಂದೇ ಸಾಲಿನಲ್ಲಿ ಎಷ್ಟೊಂದು ಜಗಳ! ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಹಾಸಿಗೆ 45 ಡಿಗ್ರಿಯಲ್ಲಿದೆ ಎಂದು ನಾನು "ಹೌದು" ಹಾಕಿದ್ದೆ. ಅವರು "ಇಲ್ಲ" ಹಾಕಿದ್ದರು. "45ರಲ್ಲಿ ತುದಿ ಕಾಣಲಿಲ್ಲ ಅಂತ ಹುಡುಗಿ ಅಲ್ಲೇ ಬಿಟ್ಟಳಲ್ಲ. ಏರಿಸಿ ಇಳಿಸಿ ಹುಡುಕಬೇಕಿತ್ತು" ಎಂದರು. ಅವರು ಹೇಳಿದ್ದೇ ಸರಿ. ಒತ್ತಡ ತೀರಾ ಹೆಚ್ಚಿದ್ದರೆ ತುದಿ ದವಡೆಯ ಹಿಂದೆ ಅಡಗಿರುತ್ತದೆ, ಇನ್ನಷ್ಟು ನೇರವಾಗಿ ಕೂರಿಸಿದರೆ ಮಾತ್ರ ಕಾಣುತ್ತದೆ. ಇಷ್ಟು ವರ್ಷ ನಾನು ಒಂದು ಅಂಕಿಯನ್ನು ಕಲಿಸಿದ್ದೆ, ಅವರು ಹುಡುಕುವುದನ್ನು ಕಲಿಸಿದ್ದರು. ಒಂದೇ ವಿಭಾಗ, ಒಂದೇ ವಾರ್ಡು. ವಿದ್ಯಾರ್ಥಿ ಯಾರ ಘಟಕಕ್ಕೆ ಬಿದ್ದನೋ ಅವರ ಜೆವಿಪಿ ಕಲಿಯುತ್ತಿದ್ದ. ಕೊನೆಗೆ ಉಳಿದದ್ದು 11 ಅಂಶ. ಅದರಲ್ಲಿ ಒಂದು: "ತುದಿ ಕಾಣದಿದ್ದರೆ ಹಾಸಿಗೆಯ ಕೋನ ಬದಲಿಸಿ ನೋಡುತ್ತಾರೆ."

ಫಲಿತಾಂಶ ನಾನು ಎಣಿಸಿದಷ್ಟು ಚೆಂದವಾಗಿರಲಿಲ್ಲ. ತಕ್ಷಣದ ಪರೀಕ್ಷೆಯಲ್ಲಿ ಎರಡು ಗುಂಪೂ ಹೆಚ್ಚುಕಡಿಮೆ ಸಮ. ಆರು ವಾರದ ನಂತರ, ಮಾಡಿ ಕಲಿತವರು ಮುಂದಿದ್ದರು. ಆದರೆ ಪರೀಕ್ಷೆಯ ಕೋಣೆ ಬಿಟ್ಟು ವಾರ್ಡಿಗೆ ಬಂದರೆ ಆ ಅಂತರ ಬಹುಮಟ್ಟಿಗೆ ಕರಗಿತ್ತು. ಈ ಕೊನೆಯ ಭಾಗವನ್ನು ಬಿಟ್ಟರೆ ಲೇಖನ ಗಟ್ಟಿಯಾಗಿ ಕಾಣುತ್ತದೆ ಎಂದು ಒಬ್ಬರು ಸಲಹೆ ಕೊಟ್ಟರು. ಒಪ್ಪಲಿಲ್ಲ. ನನಗೆ ಇಡೀ ಅಧ್ಯಯನದಲ್ಲಿ ಮುಖ್ಯವಾಗಿ ಕಂಡದ್ದೇ ಅದು.

ಕುಕ್, ಬೋರ್ಡಾಜ್ ಮತ್ತು ಷ್ಮಿಟ್ 2008ರಲ್ಲಿ ಈ ಕ್ಷೇತ್ರದ ಅಧ್ಯಯನಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು: ಏನು ಮಾಡಿದೆವು, ಅದು ಫಲಿಸಿತೇ, ಏಕೆ ಮತ್ತು ಹೇಗೆ ಫಲಿಸಿತು. ಮೂರನೆಯ ಬಗೆಯವು ಅಪರೂಪ ಎಂದು ತೋರಿಸಿದ್ದರು. ನನ್ನದು ಎರಡನೆಯದು. "ಏಕೆ" ತಿಳಿಯಲು ವಿದ್ಯಾರ್ಥಿಗಳ ಬಳಿಗೇ ಹೋಗಬೇಕಾಯಿತು. ಸಂದರ್ಶನವನ್ನು ನಾನು ಮಾಡಲಿಲ್ಲ, ನನ್ನ ಮುಂದೆ ಅವರು ನಿಜ ಹೇಳುವುದು ಕಷ್ಟ. ಹೆಸರು ತೆಗೆದ ಬರಹರೂಪವನ್ನು ಓದಿದೆ. ಒಬ್ಬಳು ಹೇಳಿದ್ದಳು: "ಮಾಡೋಕೆ ಬರುತ್ತೆ. ಆದರೆ ರೌಂಡ್ಸಲ್ಲಿ ಯಾರೂ ಹಾಸಿಗೆ ಎತ್ತಿ ನೋಡಲ್ಲ. ಎಲ್ಲರೂ ನಿಂತು ಕಾಯ್ತಿರುವಾಗ ನಾನೊಬ್ಬಳೇ ಎತ್ತಿದರೆ ಟೈಮ್ ವೇಸ್ಟ್ ಮಾಡಿದ ಹಾಗಾಗುತ್ತೆ."

ಆ ರೌಂಡ್ಸ್ ನನ್ನದೂ ಆಗಿರಬಹುದು.

ಈಗ ಪ್ರತಿ ರೌಂಡ್ಸಿನಲ್ಲಿ ಒಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ ವಿದ್ಯಾರ್ಥಿಯಿಂದ ಕೇಸ್ ಕೇಳುವುದಿಲ್ಲ. ಮೊದಲು ನಾನು ಹಾಸಿಗೆ ಎತ್ತಿ, ಬೆಳಕು ಸರಿ ಮಾಡಿ, ಎಲ್ಲರ ಎದುರು ಹುಡುಕುತ್ತೇನೆ. ಕೆಲವು ಸಲ ನನಗೂ ಸಿಗುವುದಿಲ್ಲ, ಹಾಗೆಂದೇ ಹೇಳುತ್ತೇನೆ. ಆಮೇಲೆ ಒಬ್ಬ ವಿದ್ಯಾರ್ಥಿ ಮಾಡುತ್ತಾನೆ, ನಾನು ಮಾತಾಡದೆ ಐದು ನಿಮಿಷ ನೋಡುತ್ತೇನೆ. ವಿದ್ಯಾರ್ಥಿಗಳು ತಾವಾಗಿಯೇ, ಯಾರೂ ಹೇಳದೆ, ಹಾಸಿಗೆ ಎತ್ತುವುದು ಹೆಚ್ಚುತ್ತದೆಯೇ ಎಂಬುದು ಹೊಸ ಅಧ್ಯಯನದ ಪ್ರಶ್ನೆ. ಎಣಿಸುತ್ತಿರುವವರು ಯಾರೆಂದು ನನಗೂ ತಿಳಿಯದ ಹಾಗೆ ಏರ್ಪಾಟಾಗಿದೆ.