192 ಎಂಬಿ ಕ್ಯಾಶ್ ತೋರಿಸ್ತಿದ್ದ ಟೂಲ್ ರಿಪೇರಿ ಮಾಡಿದ್ದು

ಎಎಂಡಿಯ ರೈಜನ್ 5 3600 ಪ್ರೊಸೆಸರ್‌ಗೆ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ, ಎಲ್1, ಎಲ್2 ಆದಮೇಲಿನ ಮೂರನೇ ಹಂತ) ಇರೋದು 32 ಎಂಬಿ. ನಮ್ಮ ಟೂಲ್ 192 ಅಂತ ಪ್ರಿಂಟ್ ಮಾಡ್ತಿತ್ತು. ಹುಬ್ಬಳ್ಳಿಯಲ್ಲಿ ಹಳೇ ಪಿಸಿ ರೆಡಿ ಮಾಡಿ ಮಾರೋ ನಾವೊಂದಿಷ್ಟು ಜನ ಇದನ್ನೇ ಬಳಸ್ತೀವಿ: ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ಓಡಿಸಿದರೆ ಮಷಿನ್ ವಿವರದ ಸ್ಟಿಕರ್ ಹೊರಗೆ ಬರ್ತದೆ. ಧಾರವಾಡದ ಒಂದು ಆಫೀಸಿನ ಹುಡುಗ ಆ ಸ್ಟಿಕರ್ ಓದಿ, "ಕ್ಯಾಶ್ ಹಿಂಗ ಬರದೀರಿ ಅಂದ್ರ ರ್‍ಯಾಮ್ ಖರೇ ಐತೇನ್ರಿ?" ಅಂದ. ಹದಿನೈದರ ಸುಮಾರು ಮಷಿನ್ ಇದ್ದವು. ಒಂದೊಂದಕ್ಕೂ ಏಳೆಂಟುನೂರು ಇಳಿಸಬೇಕಾಯ್ತು.

ಗೆಳೆಯರದು ಒಂದೇ ಮಾತು: "ಆ ಸಾಲೇ ಕಿತ್ತಿ ಒಗಿ, ಕ್ಯಾಶ್ ಯಾವ ಗಿರಾಕಿ ಕೇಳ್ತಾನ?" ನನಗೆ ಹಟ.

ಡಿಎಂಐ ಟೇಬಲ್ (ಬೋರ್ಡ್ ತಯಾರಕರು ಬಯೋಸ್‌ನಲ್ಲಿ ಬರೆದಿಟ್ಟ ವಿವರ) ಮೊದಲು ನೋಡಿದೆ. ಸೀರಿಯಲ್ ನಂಬರ್ ಜಾಗದಲ್ಲಿ "ಟು ಬಿ ಫಿಲ್ಡ್ ಬೈ ಓಇಎಂ" (ತಯಾರಕರು ತುಂಬಬೇಕು) ಅಂತ ಬಿಟ್ಟಿರೋ ಎಚ್61 ಮದರ್‌ಬೋರ್ಡ್‌ಗಳನ್ನ ಕ್ಯಾಶ್ ವಿಷಯಕ್ಕೆ ಏನು ನಂಬೋದು, ಬಿಟ್ಟೆ. ಆಮೇಲೆ ಸಿಪಿಯುಐಡಿ, ಅಂದ್ರೆ ಚಿಪ್‌ಗೇ ಅದರ ವಿವರ ಕೇಳೋ ಆದೇಶ; ಅದರ ಒಂದೊಂದು ಪ್ರಶ್ನೆಗೂ ಲೀಫ್ ಅಂತಾರೆ. ಲೀಫ್ 2ರ ಟೇಬಲ್ ಪೂರಾ ಟೈಪ್ ಮಾಡಿದೆ. 49 ಅನ್ನೋ ಬೈಟ್‌ಗೆ ಇಂಟೆಲ್‌ನ ಒಂದು ಕ್ಸಿಯಾನ್ ಸರ್ವರ್ ಚಿಪ್‌ನಲ್ಲಿ ಎಲ್3 ಅಂತ ಅರ್ಥ, ಉಳಿದ ಕಡೆ ಎಲ್2. ಹೊಸ ಚಿಪ್‌ಗಳಂತೂ ಎಫ್‌ಎಫ್ ಕೊಟ್ಟು ಲೀಫ್ 4ಕ್ಕೆ ಸಾಗಹಾಕ್ತಾವೆ. ಲೀಫ್ 4 ಇಂಟೆಲ್‌ಗೆ ಚಲೋ, ಎಎಂಡಿಗೆ 8000001ಡಿ ಅನ್ನೋ ಲೀಫ್ ಬೇಕು, ಹಳೇ ಅಥ್ಲಾನ್‌ಗೆ ಅದೂ ಇಲ್ಲ. ಎಲ್ಲಕ್ಕಿಂತ ಕಾಡಿದ್ದು ಹಂಚಿಕೆಯ ಸಂಖ್ಯೆ. ಎಷ್ಟು ಥ್ರೆಡ್ (ಲಿನಕ್ಸ್ ಒಂದೊಂದು ಸಿಪಿಯು ಅಂತ ಎಣಿಸೋದು) ಒಂದು ಕ್ಯಾಶ್ ಹಂಚಿಕೊಂಡಿವೆ ಅನ್ನೋದನ್ನ ಲೀಫ್ 4 ಎಣಿಸಿ ಹೇಳೋದಿಲ್ಲ, ಐಡಿಗೆ ಕಾದಿಟ್ಟ ಜಾಗದ ಲೆಕ್ಕ ಹೇಳ್ತದೆ. ಒಟ್ಟು ಥ್ರೆಡ್ ಅದರಿಂದ ಭಾಗಿಸಿ ಎಷ್ಟು ಕ್ಯಾಶ್ ಅಂತ ನೋಡಹೋದರೆ ಆರು ಕೋರ್ ಚಿಪ್‌ನಲ್ಲಿ ಭಾಗಾಕಾರ ಕೂಡೋದೇ ಇಲ್ಲ.

ಕಡೆಗೆ ಸಿಸ್‌ಎಫ್‌ಎಸ್‌ಗೆ (ಲಿನಕ್ಸ್ ಹಾರ್ಡ್‌ವೇರ್ ವಿವರವನ್ನ ಫೈಲ್‌ಗಳಾಗಿ ತೋರಿಸೋ ಜಾಗ) ಬಂದೆ. ಹಳೇ ಕೋಡ್ ಕೂಡ ಅದನ್ನೇ ಓದ್ತಿತ್ತು, ಆದರೆ ಸಿಪಿಯು0ರ 16 ಎಂಬಿ ತಗೊಂಡು 12 ಥ್ರೆಡ್‌ಗೆ ಗುಣಿಸ್ತಿತ್ತು. ಓಣಿಗೊಂದೇ ಬೋರ್‌ವೆಲ್, ಹನ್ನೆರಡು ಮನಿಯವರು ನೀರು ತುಂಬತಾರ ಅಂದ್ರ ಹನ್ನೆರಡು ಬೋರ್‌ವೆಲ್ ಆದವೇನು? ಈಗ ಎಲ್ಲ ಸಿಪಿಯು ಸುತ್ತಿ ಲೆವೆಲ್, ಟೈಪ್, ಶೇರ್ಡ್ ಸಿಪಿಯು ಲಿಸ್ಟ್ (ಆ ಕ್ಯಾಶ್ ಹಂಚಿಕೊಂಡ ಸಿಪಿಯುಗಳ ಪಟ್ಟಿ) ಮೂರನ್ನೂ ಜೋಡಿಸಿ ಒಂದು ಕೀ, ಅಂದ್ರೆ ಆ ಕ್ಯಾಶ್‌ನ ಗುರುತು ಮಾಡ್ತೀನಿ. ಒಂದು ಕೀ ಒಂದೇ ಸಲ ಎಣಿಕೆ. ಗುಣಾಕಾರ ಎಲ್ಲೂ ಇಲ್ಲ. ಮೂವತ್ತು ಸಾಲಿನ ಆಸುಪಾಸು ಕೋಡ್.

ಟೆಸ್ಟ್‌ಗೆ ಅಂತ ಗುಜರಿಯಿಂದ ಕೋರ್ 2 ಕ್ವಾಡ್ ಕ್ಯೂ6600 ತಂದೆ, ನಾಲ್ಕುನೂರೋ ಐನೂರೋ ಕೊಟ್ಟೆ. ಲಿನಕ್ಸ್‌ನ ಪ್ರೊಕ್ ಫೋಲ್ಡರಿನ ಸಿಪಿಯುಇನ್ಫೋ ಫೈಲ್ 4096 ಕೆಬಿ ಅನ್ನುತ್ತೆ. ನನ್ನದು 4 ಎಂಬಿಯವು ಎರಡು, ಒಟ್ಟು 8 ಅಂದಿತು. ಸರಿ. ವಿದ್ಯಾನಗರದ ಗೆಳೆಯನ ಐ5-1240ಪಿ ಲ್ಯಾಪ್‌ಟಾಪ್ ಇನ್ನೂ ಮಜಾ: ನಾಲ್ಕು ಪಿ ಕೋರ್‌ಗೆ (ವೇಗದವು) 1280 ಕೆಬಿ ಎಲ್2 ತಲಾ, ಎಂಟು ಇ ಕೋರ್ (ಕರೆಂಟ್ ಉಳಿಸೋವು) ನಾಲ್ಕು ನಾಲ್ಕಾಗಿ 2048 ಹಂಚಿಕೊಂಡಿವೆ. ಎಲ್2 ಒಟ್ಟು 9 ಎಂಬಿ, ಅಷ್ಟೇ ಬಂತು. 1280ನ್ನ 16 ಥ್ರೆಡ್‌ಗೆ ಗುಣಿಸೋ ಹಳೇ ಟೂಲ್‌ಗೆ ಅದು 20! ಎಂಬಿಗೆ ತಿರುಗಿಸುವಾಗ ಪೂರ್ಣಾಂಕ ಭಾಗಾಕಾರ ಮಾಡಬೇಡಿ, 1280 ಹೋಗಿ 1 ಆಗ್ತದೆ. ಆಫ್‌ಲೈನ್ ಕೋರ್ ಇದ್ದರೆ ಅದರ ಕ್ಯಾಶ್ ಫೋಲ್ಡರೇ ಮಾಯ, ಮೊದಲು ಎಲ್ಲ ಆನ್ ಮಾಡಿ.

ಕರೆಂಟ್ ಇದ್ದ ಒಂದು ರವಿವಾರ ಕ್ಯಾಶನ್ನ ಅಳೆದೇ ನೋಡೋಣ ಅನ್ನಿಸಿತು. ಮೆಮೊರಿ ಸಾಲಾಗಿ ಓದಿದರೆ ಪ್ರಿಫೆಚರ್ (ಮುಂದಿನದನ್ನ ಮೊದಲೇ ತಂದಿಡೋ ಭಾಗ) ಎಲ್ಲ ಮುಚ್ಚಿಹಾಕ್ತದೆ, ಪಾಯಿಂಟರ್‌ಗಳನ್ನ (ಮುಂದಿನ ಜಾಗದ ವಿಳಾಸ) ಕಲಸಿ ಒಂದರಿಂದ ಒಂದಕ್ಕೆ ಹಾರಿಸಬೇಕು. ಹ್ಯೂಜ್ ಪೇಜ್ (ಮೆಮೊರಿಯ ದೊಡ್ಡ ತುಂಡು) ಹಾಕದಿದ್ದರೆ ಟಿಎಲ್‌ಬಿ (ವಿಳಾಸ ನೆನಪಿಡೋ ಪಟ್ಟಿ) ಮಿಸ್ ಸೇರಿ ಓದೋ ಸಮಯದ ಗ್ರಾಫ್ ಬೇಗನೇ ಏರ್ತದೆ. 3600ರಲ್ಲಿ ಏರಿಕೆ 16 ಎಂಬಿ ಹತ್ತಿರವೇ ಶುರು, 32ಕ್ಕಲ್ಲ. ಒಂದು ಕೋರ್‌ಗೆ ತನ್ನ ಸಿಸಿಎಕ್ಸ್‌ನ (ಒಟ್ಟಿಗಿರೋ ಕೋರ್‌ಗಳ ಗುಂಪು) 16 ಎಂಬಿ, ಅಂದ್ರೆ ಒಟ್ಟಿನ ಅರ್ಧವೇ ಗತಿ. ಅದಕ್ಕೇ ಈಗ ಸ್ಟಿಕರ್ ಮೇಲೆ "16 ಎಂಬಿ × 2" ಅಂತಲೇ ಹಾಕ್ತೀನಿ. ಗದ್ದಲದ ನಡುವೆ ಆ ಮೆಟ್ಟಿಲು ಎಲ್ಲಿದೆ ಅಂತ ಹೇಗೆ ಹಿಡೀತೀನಿ ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ.

"ಸಾಲೇ ಕಿತ್ತಿ ಒಗಿ" ಅಂದೋರೆಲ್ಲ ಈಗ ಇದೇ ವರ್ಷನ್ ಕಾಪಿ ಮಾಡ್ಕೊಂಡು ಹೋಗಿದ್ದಾರೆ. ಮೊನ್ನೆ ಗದಗಿನಿಂದ ಒಬ್ಬ ಫೋನ್ ಮಾಡಿ, "ನಿನ್ನ ಟೂಲ್ ಮತ್ತ ಕೆಟ್ಟೈತಿ, ನನ್ನ ಐ3ಗೆ 16 ಎಂಬಿ ಅಂತೈತಿ" ಅಂದ. ಪುಣ್ಯಾತ್ಮ ಕೆಮು ಅನ್ನೋ ಸಾಫ್ಟ್‌ವೇರಿನ ವರ್ಚುವಲ್ ಮಷಿನ್ (ಸಾಫ್ಟ್‌ವೇರಲ್ಲೇ ಕಟ್ಟಿದ ಕಂಪ್ಯೂಟರ್) ಒಳಗೆ ಓಡಿಸಿದ್ದ. ಅದು ಕೊಡೋ ಡೀಫಾಲ್ಟ್ ಎಲ್3 ಅಷ್ಟೇ. ಹೈಪರ್‌ವೈಸರ್ ಬಿಟ್ (ಇದು ವರ್ಚುವಲ್ ಮಷಿನ್ ಅಂತ ಹೇಳೋ ಗುರುತು) ಕಂಡರೆ ಕ್ಯಾಶ್ ಸಾಲು ಖಾಲಿ ಬಿಡೋ ಹಾಗೆ ಅವತ್ತೇ ಸೇರಿಸಿದೆ.